ಕ್ಷಯದ ಗುಳಿಗೆ ಮೈಯಲ್ಲಿ ಎಲ್ಲೆಲ್ಲಿಗೆ ಹೋಗುತ್ತದೆ: ರಾಜೇಶ್ವರ ಭಾಗವನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ರಾಜೇಶ್ವರ ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಹೋಬಳಿ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಬಸವಕಲ್ಯಾಣ ದಾಟಿ ಹುಮನಾಬಾದ್ ಕಡೆಗೆ ಹೊರಟರೆ ಸಿಗುವ ಊರು. ಈ ಭಾಗದಲ್ಲಿ ಕ್ಷಯಕ್ಕೆ ಗುಳಿಗೆ ಶುರುಮಾಡಿದವರಿಗೆ ಆಶಾ ಕಾರ್ಯಕರ್ತೆಯೋ ಆಸ್ಪತ್ರೆಯ ಸಿಸ್ಟರೋ ಮೊದಲ ದಿನವೇ ಹೇಳಬೇಕಾದ ಮಾತೊಂದಿದೆ: ಮೂತ್ರ ಕೆಂಪಾಗುತ್ತದೆ, ಹೆದರಬೇಡಿ. ಹೇಳಲು ಮರೆತರೆ "ಅಕ್ಕಾ, ಒಂದಕ್ಕ ಕೆಂಪ ಬರ್ಲಾಕತ್ತದ, ರಕ್ತ ಏನು?" ಎಂಬ ಪ್ರಶ್ನೆ ಬರುವುದು ಖಂಡಿತ. ಪ್ರಶ್ನೆ ಬಂದರೆ ಒಳ್ಳೆಯದೇ. ಕೇಳದೆ ಗುಳಿಗೆ ಬಿಟ್ಟುಬಿಡುವವರದೇ ಚಿಂತೆ.

ಕೆಂಪಾಗುವುದು ರಿಫಾಂಪಿಸಿನ್ ಎಂಬ ಔಷಧದಿಂದ. ಅದರ ಪುಡಿಯೇ ಇಟ್ಟಿಗೆಗೆಂಪು. ನುಂಗಿದ ಎರಡು ಮೂರು ಗಂಟೆಯಲ್ಲಿ ಅದು ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಮೂತ್ರ, ಬೆವರು, ಉಗುಳು, ಕಣ್ಣೀರು, ಕಫ, ಎಲ್ಲಕ್ಕೂ ಕಿತ್ತಳೆ ಛಾಯೆ ಬರುತ್ತದೆ. ಬಿಳಿ ಧೋತರ ಉಟ್ಟು ಬಿಸಿಲಲ್ಲಿ ತೊಗರಿ ರಾಶಿ ಮಾಡುವ ಹಿರಿಯರ ಅಂಗಿಯ ಕಂಕುಳಲ್ಲಿ ಕಲೆ ಕಾಣಬಹುದು; ಕಣ್ಣಿಗೆ ಮೃದು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿದ್ದರೆ ಲೆನ್ಸಿಗೆ ಹತ್ತಿದ ಬಣ್ಣ ಮತ್ತೆ ಹೋಗುವುದಿಲ್ಲ. ರೋಗಿ ಗುಳಿಗೆ ನುಂಗಿದ್ದಾನೋ ಇಲ್ಲವೋ ಎಂದು ನೋಡಲು ವೈದ್ಯರು ಮೂತ್ರದ ಬಣ್ಣವನ್ನು ಬಹಳ ಕಾಲದಿಂದ ಬಳಸಿಕೊಂಡಿದ್ದಾರೆ. ಬಣ್ಣ ಬಂದರೆ ಗುಳಿಗೆ ಒಳಗೆ ಹೋಗಿದೆ ಎಂದಾಯಿತು. ಎಲ್ಲೆಲ್ಲಿಗೆ ಹೋಗಿದೆ ಎಂಬುದು ಮಾತ್ರ ಬಣ್ಣದಿಂದ ಪೂರ್ತಿ ತಿಳಿಯದು.

ಈ ಟಿಪ್ಪಣಿಯ ವಿಷಯ ಆ ಎರಡನೆಯ ಪ್ರಶ್ನೆ. ಕ್ಷಯಕ್ಕೆ ನಾಲ್ಕು ಔಷಧ ಏಕೆ, ಆರು ತಿಂಗಳು ಏಕೆ, ಮಿದುಳಿಗೋ ಎಲುಬಿಗೋ ತಗುಲಿದ ಕ್ಷಯಕ್ಕೆ ಅದಕ್ಕಿಂತ ಹೆಚ್ಚು ಕಾಲ ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ "ರೋಗಾಣು ಗಟ್ಟಿ" ಎಂಬುದು. ಅದು ನಿಜ, ಆದರೆ ಅರ್ಧ ಮಾತ್ರ. ಇನ್ನರ್ಧ ಔಷಧದ ಹಂಚಿಕೆಗೆ ಸೇರಿದ್ದು. ಒಂದೇ ಗುಳಿಗೆಯಲ್ಲಿ ಅಡಕವಾದ ನಾಲ್ಕು ವಸ್ತುಗಳು ಗಂಟಲು ಇಳಿದ ಮೇಲೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದು ಹೋಗದ ಕಡೆ ಇನ್ನೊಂದು ಹೋಗುತ್ತದೆ. ಚಿಕಿತ್ಸೆಯ ಅವಧಿ, ಪ್ರಮಾಣ, ಜೋಡಣೆ ಮೂರರಲ್ಲೂ ಈ ಭೂಗೋಳದ ಪಾಲಿದೆ. ರಾಜೇಶ್ವರದಂಥ ಊರಿನ ಆಸ್ಪತ್ರೆಯಲ್ಲಿ ಈ ಭೂಗೋಳವನ್ನು ಅಳೆಯುವ ಒಂದೇ ಉಪಕರಣ ತೂಕದ ಯಂತ್ರ ಎಂಬುದನ್ನು ಮುಂದೆ ತೋರಿಸುತ್ತೇನೆ.

ಔಷಧ ಮೈಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬ ವಿಚಾರ ಹುಟ್ಟಿದ್ದೇ ಬಣ್ಣಗಳಿಂದ. ಜರ್ಮನಿಯ ಪೌಲ್ ಎರ್ಲಿಶ್ 1885ರಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದರು. ಬಹುತೇಕ ಅಂಗಗಳಿಗೆ ಬಣ್ಣ ಹತ್ತಿತು, ಮಿದುಳು ಹಾಗೇ ಉಳಿಯಿತು. ಮಿದುಳಿನ ಪದಾರ್ಥಕ್ಕೆ ಆ ಬಣ್ಣ ಹತ್ತುವುದಿಲ್ಲವೇನೋ ಎಂದು ಅವರು ಭಾವಿಸಿದ್ದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಟ್ರೈಪಾನ್ ನೀಲಿಯನ್ನು ನೇರವಾಗಿ ಮಿದುಳಬಳ್ಳಿಯ ದ್ರವಕ್ಕೇ ಹಾಕಿದಾಗ ಮಿದುಳು ನೀಲಿಯಾಯಿತು, ಉಳಿದ ಮೈಗೆ ಬಣ್ಣ ಹತ್ತಲಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ತಡೆಯೊಂದಿದೆ ಎಂಬುದು ಹೀಗೆ ಗೊತ್ತಾಯಿತು. ಸೂಕ್ಷ್ಮ ರಕ್ತನಾಳಗಳ ಒಳಪದರದ ಕೋಶಗಳು ಮಿದುಳಿನಲ್ಲಿ ಸಂದಿಯಿಲ್ಲದಂತೆ ಬೆಸೆದುಕೊಂಡಿರುತ್ತವೆ. ಕೊಬ್ಬಿನಲ್ಲಿ ಕರಗುವ ವಸ್ತುಗಳು, ಚಿಕ್ಕ ಅಣುಗಳು ದಾಟುತ್ತವೆ. ದೊಡ್ಡವು, ನೀರನ್ನೇ ನೆಚ್ಚಿದವು ಹಿಂದೆ ಉಳಿಯುತ್ತವೆ.

ಹಂಚಿಕೆಯನ್ನು ಲೆಕ್ಕಕ್ಕೆ ತರಲು ವೈದ್ಯವಿಜ್ಞಾನ ಬಳಸುವ ಅಳತೆಗೆ "ಹಂಚಿಕೆಯ ಗಾತ್ರ" ಎನ್ನಬಹುದು. ಹೊಲದ ಬಾವಿಯ ನೀರಿಗೆ ಒಂದು ಚೀಟಿ ಬಣ್ಣ ಸುರಿದು ಕಲಸಿ, ಒಂದು ಲೋಟ ನೀರು ತೆಗೆದು ನೋಡಿ ಬಾವಿಯಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಬಹುದು. ಆದರೆ ಬಣ್ಣದ ಹೆಚ್ಚಿನ ಪಾಲು ಬಾವಿಯ ಪಾಚಿಗೂ ಕಲ್ಲಿಗೂ ಅಂಟಿಕೊಂಡರೆ ಲೋಟದ ನೀರು ತೀರ ತೆಳುವಾಗಿ ಕಾಣುತ್ತದೆ; ಲೆಕ್ಕದಲ್ಲಿ ಬಾವಿ ಇರುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬರುತ್ತದೆ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಹೀಗೆ ಅಂಗಾಂಶಗಳಿಗೆ ಅಂಟುವುದರಿಂದ ಅದರ ಹಂಚಿಕೆಯ ಗಾತ್ರ ಸಾವಿರಾರು ಲೀಟರಿನಷ್ಟು ಬರುತ್ತದೆ. ಮನುಷ್ಯನ ಮೈಯಲ್ಲಿ ಅಷ್ಟು ಲೀಟರ್ ನೀರು ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಬೆರಗಾಗುವುದು ಸಹಜ. ಅದು ನಿಜವಾದ ಗಾತ್ರವಲ್ಲ, ರಕ್ತವನ್ನು ಬಿಟ್ಟು ಔಷಧ ಎಷ್ಟರಮಟ್ಟಿಗೆ ಬೇರೆಡೆ ಸೇರಿಕೊಂಡಿದೆ ಎಂಬುದರ ಸೂಚನೆ.

60 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ ಎಂದುಕೊಳ್ಳೋಣ. ಅದರಲ್ಲಿ ರಕ್ತದ ಪ್ಲಾಸ್ಮಾ ಎರಡೂವರೆ ಮೂರು ಲೀಟರ್ ಮಾತ್ರ. ಪ್ಲಾಸ್ಮಾವನ್ನೂ ಸೇರಿಸಿ ಕೋಶಗಳ ಹೊರಗಿರುವ ನೀರು ಮೂರನೇ ಒಂದು ಭಾಗ, ಕೋಶಗಳ ಒಳಗಿರುವುದು ಮೂರನೇ ಎರಡು ಭಾಗ. ಈ ವಿಂಗಡಣೆ ಮನಸ್ಸಿನಲ್ಲಿದ್ದರೆ ಕ್ಷಯದ ನಾಲ್ಕು ಔಷಧಗಳ ಸ್ವಭಾವ ತಿಳಿಯುವುದು ಸುಲಭ.

ಸರ್ಕಾರ ಉಚಿತವಾಗಿ ಕೊಡುವ ಮೊದಲ ಎರಡು ತಿಂಗಳ ಗುಳಿಗೆಯೊಂದರಲ್ಲಿ ಐಸೋನಿಯಾಜಿಡ್ 75 ಮಿಲಿಗ್ರಾಂ, ರಿಫಾಂಪಿಸಿನ್ 150, ಪೈರಜಿನಮೈಡ್ 400, ಇಥಾಂಬುಟಾಲ್ 275 ಮಿಲಿಗ್ರಾಂ ಇರುತ್ತವೆ. ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. 60 ಕೆಜಿಯವನಿಗೆ ದಿನಕ್ಕೆ ನಾಲ್ಕು ಗುಳಿಗೆ; ಅಂದರೆ ಐಸೋನಿಯಾಜಿಡ್ 300 ಮಿಲಿಗ್ರಾಂ. ಐಸೋನಿಯಾಜಿಡ್ ಅತಿ ಚಿಕ್ಕ ಅಣು. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ರಕ್ತದ ಆಲ್ಬುಮಿನ್‌ಗೆ ಅಂಟುವುದು ಬಹಳ ಕಡಿಮೆ, ಕೋಶದ ಪೊರೆಯನ್ನೂ ಸಲೀಸಾಗಿ ದಾಟುತ್ತದೆ. ಹೀಗಾಗಿ ಮೈಯ ಒಟ್ಟು ನೀರಿನ ತುಂಬ ಹರಡುತ್ತದೆ. 300 ಮಿಲಿಗ್ರಾಂ ಅನ್ನು 36 ಲೀಟರಿಗೆ ಹಂಚಿದರೆ ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಮೇಲೆ. ರೋಗಿಗಳಲ್ಲಿ ಅಳೆದಾಗ ಸಿಗುವ ಗರಿಷ್ಠ ಮಟ್ಟ ಸಾಮಾನ್ಯವಾಗಿ 3ರಿಂದ 6 ಮಿಲಿಗ್ರಾಂ. ಕರುಳಿನಿಂದ ಔಷಧ ಇನ್ನೂ ಹೀರಿಕೊಳ್ಳುತ್ತಿರುವಾಗಲೇ ಯಕೃತ್ತು ಅದನ್ನು ಕಡಿದು ಹಾಕಲು ಶುರುಮಾಡಿರುತ್ತದೆ. ಯಕೃತ್ತಿನ ಈ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಹುಟ್ಟಿನಿಂದಲೇ ಕೆಲವರು ನಿಧಾನ, ಕೆಲವರು ಬಿರುಸು. ದಕ್ಷಿಣ ಭಾರತೀಯರಲ್ಲಿ ನಿಧಾನದವರೇ ಹೆಚ್ಚು, ಸುಮಾರು ಶೇ. 60.

ರಿಫಾಂಪಿಸಿನ್‌ನ ದಾರಿ ಬೇರೆ. ದೊಡ್ಡ ಅಣು, ಕೊಬ್ಬಿನತ್ತ ವಾಲಿದ್ದು. ಶೇ. 80ರಷ್ಟು ಪಾಲು ಪ್ಲಾಸ್ಮಾದ ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತದೆ. ಅಂಟಿಕೊಂಡದ್ದು ರೋಗಾಣುವನ್ನು ಕೊಲ್ಲುವುದಿಲ್ಲ, ಬಿಡಿಯಾಗಿರುವ ಐದನೇ ಒಂದು ಭಾಗದ್ದೇ ಕೆಲಸ. ಆದರೂ ಪೊರೆ ದಾಟಿ ಕೋಶದೊಳಗೆ ಹೋಗಬಲ್ಲದು. ಶ್ವಾಸಕೋಶ, ಯಕೃತ್ತು, ಪಿತ್ತರಸಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಪಿತ್ತದ ಜೊತೆ ಕರುಳಿಗೆ ಇಳಿದು ಒಂದಿಷ್ಟು ಮತ್ತೆ ರಕ್ತಕ್ಕೆ ಮರಳುವುದೂ ಉಂಟು. ಈ ಔಷಧದ ಮೂಲ ಫ್ರಾನ್ಸಿನ ಕಡಲತೀರದ ಮಣ್ಣು. 1957ರಲ್ಲಿ ಮಿಲಾನಿನ ಲೆಪೆಟಿಟ್ ಕಂಪನಿಯವರು ಅಲ್ಲಿಯ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ರಿಫಾಮೈಸಿನ್ ತೆಗೆದರು, 1965ರ ಹೊತ್ತಿಗೆ ಅದನ್ನು ಬಾಯಿಯ ಮೂಲಕ ಕೊಡಬಹುದಾದ ರಿಫಾಂಪಿಸಿನ್ ಆಗಿಸಿದರು. ಆಗ ಜನಪ್ರಿಯವಾಗಿದ್ದ "ರಿಫಿಫಿ" ಎಂಬ ಫ್ರೆಂಚ್ ಕಳ್ಳತನದ ಸಿನಿಮಾದಿಂದ ಹೆಸರು ಬಂತು. ಬಸವಕಲ್ಯಾಣದ ಔಷಧ ಅಂಗಡಿಯ ಚೀಟಿಯಲ್ಲಿ ಒಂದು ಕಳ್ಳರ ಸಿನಿಮಾದ ಹೆಸರು ಅಡಗಿ ಕೂತಿದೆ ಎಂದರೆ ಯಾರು ನಂಬುತ್ತಾರೆ!

ಪೈರಜಿನಮೈಡ್ ಕೂಡ ಚಿಕ್ಕ ಅಣು, ಎಲ್ಲ ಕಡೆ ಹೋಗುತ್ತದೆ; ಆದರೆ ಆಮ್ಲೀಯ ವಾತಾವರಣದಲ್ಲೇ ಅದರ ಕೈ ಮೇಲು. ಉರಿಯೂತ ಜೋರಾಗಿರುವ ಮೊದಲ ಎರಡು ತಿಂಗಳಿಗೆ ಅದನ್ನು ಸೀಮಿತಗೊಳಿಸಿದ್ದಕ್ಕೆ ಇದೂ ಒಂದು ಕಾರಣ. ಇಥಾಂಬುಟಾಲ್ ಶ್ವಾಸಕೋಶಕ್ಕೆ ಚೆನ್ನಾಗಿ ಹೋಗುತ್ತದೆ, ಮಿದುಳಿನತ್ತ ಹಿಂಜರಿಯುತ್ತದೆ. ಆದರೆ ಕಣ್ಣಿನ ನರಕ್ಕೆ ಅದರಿಂದ ತೊಂದರೆ ಆಗಬಹುದು. ಮೆಣಸಿನಕಾಯಿ ಬಿಡಿಸುವಾಗ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗುತ್ತಿಲ್ಲ ಎಂದು ರೋಗಿ ಹೇಳಿದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಇವುಗಳ ಪಕ್ಕದಲ್ಲಿ ಹಿಂದಿನ ಕಾಲದ ಸ್ಟ್ರೆಪ್ಟೋಮೈಸಿನ್ ಸೂಜಿಯನ್ನು ಇಟ್ಟು ನೋಡಬೇಕು. ಈ ಭಾಗದ ಹಿರಿಯರಿಗೆ "ಸೂಜಿ ಟಿಬಿ ಔಷಧ" ಎಂದರೆ ಅದೇ. ನೀರಿನಲ್ಲಿ ಕರಗುವ, ವಿದ್ಯುದಾವೇಶ ಹೊತ್ತ ದೊಡ್ಡ ಅಣು ಅದು. ಕೋಶದ ಪೊರೆ ದಾಟುವುದು ಕಷ್ಟ, ಹೆಚ್ಚಾಗಿ ಕೋಶಗಳ ಹೊರಗಿನ ನೀರಿನಲ್ಲೇ ಉಳಿಯುತ್ತದೆ. ಹಂಚಿಕೆಯ ಗಾತ್ರ ಕೆಜಿಗೆ ಸುಮಾರು ಕಾಲು ಲೀಟರ್. ಕ್ಷಯದ ರೋಗಾಣುವಾದರೋ ನಮ್ಮ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳ ಒಳಗೇ ಮನೆ ಮಾಡಿಕೊಂಡಿರುತ್ತದೆ. ಸ್ಟ್ರೆಪ್ಟೋಮೈಸಿನ್ ಹೊರಗಿನ ರೋಗಾಣುವನ್ನು ಕೊಂದು ಒಳಗಿನದನ್ನು ಬಿಡುತ್ತಿತ್ತು. ಅದೇ ಔಷಧ ಮೂತ್ರಪಿಂಡದ ಹೊರಪದರದಲ್ಲೂ ಒಳಗಿವಿಯಲ್ಲೂ ಕೂಡಿಕೊಂಡು ಅಲ್ಲಿಂದ ಬೇಗ ಬಿಟ್ಟುಹೋಗುತ್ತಿರಲಿಲ್ಲ. ರಕ್ತ ಸ್ವಚ್ಛವಾದ ಮೇಲೂ ಒಳಗಿವಿಯಲ್ಲಿ ಔಷಧ ಉಳಿಯುವುದರಿಂದಲೇ ಕಿವುಡುತನ, ತಲೆಸುತ್ತು. ಹಂಚಿಕೆ ಚಿಕಿತ್ಸೆಯನ್ನೂ ಮಾಡುತ್ತದೆ, ಹಾನಿಯನ್ನೂ ಮಾಡುತ್ತದೆ. ಬಹುಔಷಧ ನಿರೋಧಕ ಕ್ಷಯಕ್ಕೆ ಬಳಸುತ್ತಿದ್ದ ಕನಾಮೈಸಿನ್ ಸೂಜಿಯೂ ಇದೇ ಜಾತಿಯದು. ಈಗ ಅದರ ಜಾಗವನ್ನು ಪೂರ್ತಿ ಬಾಯಿಯ ಗುಳಿಗೆಗಳು ತುಂಬಿವೆ.

ಒಂದು ಚಾರಿತ್ರಿಕ ಸಂಗತಿಯನ್ನು ಇಲ್ಲಿ ಸೇರಿಸಬೇಕು. 1956ರ ತನಕ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಕ್ಷಯ ಎಂದರೆ ವಿಕಾರಾಬಾದ್ ಪಕ್ಕದ ಅನಂತಗಿರಿ ಬೆಟ್ಟದ ಸ್ಯಾನಟೋರಿಯಂ ನೆನಪಾಗುತ್ತಿದ್ದ ಕಾಲ ಅದು. ಬೀದರಿನಿಂದ ವಿಕಾರಾಬಾದಿಗೆ ರೈಲೂ ಇತ್ತು. ಗಾಳಿ, ವಿಶ್ರಾಂತಿ, ಪುಷ್ಟಿ ಆಹಾರ ಎಂಬುದು ಆಗಿನ ನಂಬಿಕೆ. ಅದೇ 1956ರಲ್ಲಿ ಮದ್ರಾಸಿನಲ್ಲಿ ವ್ಯಾಲೇಸ್ ಫಾಕ್ಸ್ ಮುಂದಾಳ್ತನದ ಟ್ಯೂಬರ್ಕ್ಯುಲೋಸಿಸ್ ಕೀಮೋಥೆರಪಿ ಸೆಂಟರ್ ಶುರುವಾಗಿ, ಗುಡಿಸಲಿನಲ್ಲಿ ಇದ್ದುಕೊಂಡು ಗುಳಿಗೆ ತೆಗೆದುಕೊಂಡವರೂ ಸ್ಯಾನಟೋರಿಯಂನಲ್ಲಿ ಹಾಸಿಗೆ ಹಿಡಿದವರಷ್ಟೇ ಗುಣವಾಗುತ್ತಾರೆ ಎಂದು 1959ರಲ್ಲಿ ತೋರಿಸಿಕೊಟ್ಟಿತು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು, ಮನೆಯಲ್ಲೇ ಚಿಕಿತ್ಸೆ ಎಂಬ ರಾಷ್ಟ್ರೀಯ ಕಾರ್ಯಕ್ರಮದ ರೂಪರೇಖೆ ಅಲ್ಲಿ ಸಿದ್ಧವಾಯಿತು. ರೋಗಿಯನ್ನು ಬೆಟ್ಟಕ್ಕೆ ಕಳಿಸುವ ಅಗತ್ಯ ತಪ್ಪಿದ್ದು ಐಸೋನಿಯಾಜಿಡ್‌ನಂಥ ಅಣು ಅವನ ಮೈಯ ಮೂಲೆಮೂಲೆಗೆ ತಾನೇ ಹೋಗಿ ಮುಟ್ಟುವುದರಿಂದ. ಹಂಚಿಕೆಯ ಈ ಗುಣವಿಲ್ಲದಿದ್ದರೆ ರಾಜೇಶ್ವರದ ಮನೆಯಲ್ಲಿ ಕೂತು ಕ್ಷಯ ವಾಸಿಮಾಡಿಕೊಳ್ಳುವುದು ಸಾಧ್ಯವಿರಲಿಲ್ಲ.

ಈಗ ಕಠಿಣ ಜಾಗಗಳಿಗೆ ಬರೋಣ.

ಮೊದಲನೆಯದು ಮಿದುಳು. ಮಗುವಿಗೆ ವಾರಗಟ್ಟಲೆ ಜ್ವರ, ವಾಂತಿ, ಮಂಪರು, ಕುತ್ತಿಗೆ ಬಿಗಿತ ಬಂದರೆ ವೈದ್ಯರು ಬೆನ್ನಿನ ನೀರು ತೆಗೆಸಿ ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಯಿಂದ ಅಂಥ ಮಕ್ಕಳನ್ನು ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ಗೋ ಕಲಬುರಗಿಗೋ ಹೈದರಾಬಾದಿಗೋ ಕಳಿಸುವುದು ವಾಡಿಕೆ. ಅದೇ ಬೆನ್ನಿನ ನೀರಿನಲ್ಲಿ ಔಷಧಗಳನ್ನು ಅಳೆದು ನೋಡಿದ ಅಧ್ಯಯನಗಳು ಹಲವಿವೆ. ಐಸೋನಿಯಾಜಿಡ್, ಪೈರಜಿನಮೈಡ್ ಎರಡೂ ಹೆಚ್ಚುಕಡಿಮೆ ರಕ್ತದಲ್ಲಿರುವಷ್ಟೇ ಇರುತ್ತವೆ. ರಿಫಾಂಪಿಸಿನ್ ರಕ್ತದ ಮಟ್ಟದ ಶೇ. 10ರಿಂದ 20 ಮಾತ್ರ. ಇಥಾಂಬುಟಾಲ್, ಸ್ಟ್ರೆಪ್ಟೋಮೈಸಿನ್‌ಗಳು ಉರಿಯೂತ ಇದ್ದಾಗ ತಡೆ ಸಡಿಲಾಗಿರುವುದರಿಂದ ಸ್ವಲ್ಪ ನುಗ್ಗುತ್ತವೆ. ಚಿಕಿತ್ಸೆಯಿಂದ ಉರಿಯೂತ ಇಳಿದಂತೆ ತಡೆ ಬಿಗಿಯಾಗುತ್ತದೆ, ಅವುಗಳ ದಾರಿ ಮುಚ್ಚುತ್ತದೆ. ರೋಗಿ ಚೇತರಿಸಿಕೊಂಡಷ್ಟೂ ಔಷಧ ಒಳಗೆ ಹೋಗುವುದು ಕಡಿಮೆಯಾಗುವ ಈ ವಿಪರ್ಯಾಸ ನನಗೆ ಇಡೀ ಔಷಧಶಾಸ್ತ್ರದಲ್ಲೇ ಅತ್ಯಂತ ಕುತೂಹಲದ ಸಂಗತಿ. ಮಿದುಳು, ಎಲುಬು, ಮೈತುಂಬ ಹಬ್ಬಿದ ಕ್ಷಯಗಳಿಗೆ ರಾಷ್ಟ್ರೀಯ ಕಾರ್ಯಕ್ರಮ ಎರಡನೆಯ ಹಂತವನ್ನು ಇನ್ನೂ 3ರಿಂದ 6 ತಿಂಗಳು ಮುಂದುವರಿಸಲು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ಹಾಗಾದರೆ ರಿಫಾಂಪಿಸಿನ್ ಹೆಚ್ಚು ಕೊಟ್ಟರೆ? ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ರಕ್ತನಾಳಕ್ಕೆ ಹೆಚ್ಚು ಪ್ರಮಾಣದ ರಿಫಾಂಪಿಸಿನ್ ಕೊಟ್ಟು ನೋಡಿದ ಚಿಕ್ಕ ಪ್ರಯೋಗ 2013ರಲ್ಲಿ ಆಸೆ ಹುಟ್ಟಿಸಿತು, ಸಾವು ಕಡಿಮೆಯಾಗಿತ್ತು. 2016ರಲ್ಲಿ ವಿಯೆಟ್ನಾಮಿನ 817 ರೋಗಿಗಳ ದೊಡ್ಡ ಪ್ರಯೋಗ ಕೆಜಿಗೆ 15 ಮಿಲಿಗ್ರಾಂ ರಿಫಾಂಪಿಸಿನ್ ಜೊತೆಗೆ ಲೆವೊಫ್ಲಾಕ್ಸಾಸಿನ್ ಸೇರಿಸಿ ಕೊಟ್ಟಿತು, ಬದುಕುಳಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧವನ್ನು ಒಳಗೆ ಕಳಿಸುವುದಷ್ಟೇ ಮಿದುಳಿನ ಕ್ಷಯದಲ್ಲಿ ಸಾಲದು. ಅಲ್ಲಿಯ ಊತ, ರಕ್ತನಾಳಗಳ ಮುಚ್ಚಿಕೊಳ್ಳುವಿಕೆ ಬೇರೆಯೇ ಹಾನಿ ಮಾಡುತ್ತಿರುತ್ತವೆ.

ಎರಡನೆಯ ಕಠಿಣ ಜಾಗ ಶ್ವಾಸಕೋಶದ ಗಡ್ಡೆಯ ಒಳಗೇ ಇದೆ. ಕ್ಷಯದ ಹುಣ್ಣಿನ ನಡುವೆ ಸತ್ತ ಕೋಶಗಳು ಕೊಳೆತು ಗಿಣ್ಣಿನಂಥ ಬಿಳಿ ಮುದ್ದೆಯಾಗುತ್ತವೆ. ಅದರಲ್ಲಿ ರಕ್ತನಾಳವೇ ಇರುವುದಿಲ್ಲ. ಔಷಧ ಅಲ್ಲಿಗೆ ಹೋಗಬೇಕಾದರೆ ಅಂಚಿನಿಂದ ಸ್ವಲ್ಪಸ್ವಲ್ಪವೇ ಇಂಗಬೇಕು. ವೆರೋನಿಕ್ ಡಾರ್ಟ್ವಾ ಮತ್ತು ಜೊತೆಗಾರರು ದಕ್ಷಿಣ ಕೊರಿಯಾದಲ್ಲಿ ಶಸ್ತ್ರಚಿಕಿತ್ಸೆಯಿಂದ ತೆಗೆದ ರೋಗಿಗಳ ಶ್ವಾಸಕೋಶದ ತುಂಡುಗಳನ್ನು ತೆಳುವಾಗಿ ಸೀಳಿ, ಪ್ರತಿ ಬಿಂದುವಿನಲ್ಲೂ ಔಷಧದ ಅಣು ಎಷ್ಟಿದೆ ಎಂದು ಲೇಸರ್ ಮೂಲಕ ಅಳೆದು ನಕ್ಷೆ ಬರೆದರು. 2015ರಲ್ಲಿ ಅದು ಪ್ರಕಟವಾಯಿತು. ರಿಫಾಂಪಿಸಿನ್, ಪೈರಜಿನಮೈಡ್ ಎರಡೂ ಮುದ್ದೆಯೊಳಗೆ ಇಳಿದಿದ್ದವು. ರಿಫಾಂಪಿಸಿನ್ ದಿನದಿಂದ ದಿನಕ್ಕೆ ಅಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. ಮಾಕ್ಸಿಫ್ಲಾಕ್ಸಾಸಿನ್ ಎಂಬ ಪ್ರಬಲ ಔಷಧ ಸುತ್ತಲಿನ ಕೋಶಗಳಲ್ಲಿ ದಂಡಿಯಾಗಿತ್ತು, ಮುದ್ದೆಯ ಒಳಗೆ ಮಾತ್ರ ತೀರ ಕಡಿಮೆ. ಕ್ಲೋಫಜಿಮೈನ್ ಅಂಚಿನಲ್ಲೇ ನಿಂತಿತ್ತು. ಯಾವ ಔಷಧಗಳಿಂದ ಕ್ಷಯ ಮರುಕಳಿಸದಂತೆ ವಾಸಿಯಾಗುತ್ತದೆ ಎಂದು ವೈದ್ಯರಿಗೆ ದಶಕಗಳಿಂದ ಗೊತ್ತಿದ್ದ ಎರಡು ಹೆಸರುಗಳು ಯಾವುವೋ, ಮುದ್ದೆಯೊಳಗೆ ಇಳಿದದ್ದೂ ಅವೇ ಎರಡು.

ಈ ಒಂದು ನಕ್ಷೆ ನೋಡಿದರೆ ರೋಗಿಗೆ ಹೇಳಬೇಕಾದ ಮಾತೊಂದು ಸಿಗುತ್ತದೆ. ಎರಡು ತಿಂಗಳು ಗುಳಿಗೆ ನುಂಗಿದ ಮೇಲೆ ಕೆಮ್ಮು ನಿಲ್ಲುತ್ತದೆ, ಕಫದಲ್ಲಿ ರೋಗಾಣು ಕಾಣುವುದಿಲ್ಲ, ಹಸಿವು ಹೆಚ್ಚುತ್ತದೆ. "ಆರಾಮ ಆಗೇದ, ಇನ್ನ್ಯಾಕ ಗುಳಿಗಿ" ಎನ್ನುವ ಘಟ್ಟ ಅದು. ಮುಂಬೈಗೋ ಪುಣೆಗೋ ದುಡಿಯಲು ಹೊರಡುವವರು ಗುಳಿಗೆ ಬಿಡುವುದೂ ಸಾಮಾನ್ಯವಾಗಿ ಆಗಲೇ. ಕಫದಲ್ಲಿ ಕಾಣುವುದು ರಕ್ತ ಓಡಾಡುವ, ಗಾಳಿ ಆಡುವ ಜಾಗದ ರೋಗಾಣು. ಅದು ಮೊದಲು ಸಾಯುತ್ತದೆ. ನಡುವಿನ ಮುದ್ದೆಯಲ್ಲಿ ಉಳಿದದ್ದು ಕಫಕ್ಕೆ ಬರುವುದಿಲ್ಲ. ಉಳಿದ ನಾಲ್ಕು ತಿಂಗಳು ಇರುವುದು ಅದಕ್ಕಾಗಿ.

ಕ್ಲೋಫಜಿಮೈನ್ ವಿಷಯಕ್ಕೆ ಬಂದರೆ ಹಂಚಿಕೆಯ ಅತಿ ವಿಚಿತ್ರ ಉದಾಹರಣೆ ಕಣ್ಣೆದುರೇ ಸಿಗುತ್ತದೆ. ಇದನ್ನು 1950ರ ದಶಕದಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ವಿನ್ಸೆಂಟ್ ಬ್ಯಾರಿ ತಂಡದವರು ಮಾಡಿದ್ದು ಕ್ಷಯಕ್ಕಾಗಿ. ಕ್ಷಯದಲ್ಲಿ ಅದು ನಿರಾಸೆ ಮಾಡಿತು. ಮುಂದೆ ನೈಜೀರಿಯಾದಲ್ಲಿ ಕುಷ್ಠರೋಗಿಗಳಿಗೆ ಕೊಟ್ಟಾಗ ಫಲ ಕೊಟ್ಟಿತು. ಕುಷ್ಠದ ರೋಗಾಣು ಚರ್ಮದ ಮ್ಯಾಕ್ರೋಫೇಜ್‌ಗಳಲ್ಲಿ ವಾಸಿಸುತ್ತದೆ, ಕ್ಲೋಫಜಿಮೈನ್ ಕೂಡಿಕೊಳ್ಳುವುದೂ ಕೊಬ್ಬಿನಲ್ಲಿ ಮತ್ತು ಅವೇ ಕೋಶಗಳಲ್ಲಿ; ಕೋಶದೊಳಗೆ ಅದು ಹರಳುಗಟ್ಟಿ ನಿಲ್ಲುತ್ತದೆ. ಮೈಯಿಂದ ಅರ್ಧದಷ್ಟು ಇಳಿಯಲು ಸುಮಾರು 70 ದಿನ ಬೇಕು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಮತ್ತು ಡ್ಯಾಪ್ಸೋನ್ ಜೊತೆಗೆ ಇದೂ ಇದೆ: ತಿಂಗಳಿಗೊಮ್ಮೆ 300 ಮಿಲಿಗ್ರಾಂ, ದಿನಾ 50 ಮಿಲಿಗ್ರಾಂ.

ಕ್ಲೋಫಜಿಮೈನ್ ಹೀಗೆ ಕೂಡಿಕೊಳ್ಳುವುದರ ಫಲವಾಗಿ ಮುಖ, ಕೈ, ರೋಗದ ಮಚ್ಚೆಗಳಿದ್ದ ಜಾಗ ಕೆಂಪುಗಂದಾಗುತ್ತವೆ, ಮುಂದೆ ಕಪ್ಪಾಗುತ್ತವೆ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಕುಷ್ಠ ಎಂಬ ಹೆಸರೇ ಇನ್ನೂ ಮುಚ್ಚಿಡುವಂಥದ್ದು. ಮಚ್ಚೆ ಮುಚ್ಚಿಟ್ಟುಕೊಂಡಿದ್ದ ಹುಡುಗಿಯ ಮುಖವೇ ಔಷಧದಿಂದ ಬಣ್ಣಗೆಟ್ಟರೆ "ಏನಾಗೇದ?" ಎಂದು ಕೇಳುವವರಿಗೆ ಏನು ಹೇಳುವುದು? ಬಣ್ಣ ಬಂದದ್ದು ಔಷಧ ಸರಿಯಾದ ಜಾಗಕ್ಕೆ ಮುಟ್ಟಿದ್ದರಿಂದ. ಗುಳಿಗೆ ಮುಗಿದ ಮೇಲೆ ಕೆಲವು ತಿಂಗಳಿಂದ ವರ್ಷದೊಳಗೆ ಇಳಿಯುತ್ತದೆ. ಗುಳಿಗೆ ಕೊಡುವ ಮೊದಲೇ ಇದನ್ನು ಹೇಳುವುದು ಸಿಬ್ಬಂದಿಯ ಕೆಲಸ. ಈಗ ಕ್ಲೋಫಜಿಮೈನ್ ಬಹುಔಷಧ ನಿರೋಧಕ ಕ್ಷಯದ ಚಿಕಿತ್ಸೆಗೂ ಮರಳಿ ಬಂದಿದೆ.

ಅದರ ಜೊತೆಗೆ ನಿಲ್ಲುವ ಬೆಡಾಕ್ವಿಲಿನ್ ಇನ್ನೂ ನಿಧಾನ. ಅಮೆರಿಕದಲ್ಲಿ 2012ರ ಕೊನೆಗೆ ಅನುಮತಿ ಪಡೆದ ಈ ಔಷಧ ಪ್ಲಾಸ್ಮಾ ಪ್ರೋಟೀನಿಗೆ ಶೇ. 99.9ಕ್ಕಿಂತ ಹೆಚ್ಚು ಅಂಟುತ್ತದೆ, ಅಂಗಾಂಶಗಳಲ್ಲಿ ಕೂಡಿಕೊಳ್ಳುತ್ತದೆ, ಕೊನೆಯ ಹಂತದಲ್ಲಿ ಅರ್ಧದಷ್ಟಾಗಲು ಐದೂವರೆ ತಿಂಗಳು ಬೇಕು. ರೋಗಿ ಎಲ್ಲ ಗುಳಿಗೆಗಳನ್ನೂ ಒಂದೇ ದಿನ ನಿಲ್ಲಿಸಿದರೆ ಚಿಕ್ಕ ಅಣುಗಳು ಒಂದೆರಡು ದಿನದಲ್ಲಿ ಹೋಗುತ್ತವೆ, ಬೆಡಾಕ್ವಿಲಿನ್ ಹೆಚ್ಚುಕಡಿಮೆ ಒಂಟಿಯಾಗಿ ತಿಂಗಳುಗಟ್ಟಲೆ ಕಡಿಮೆ ಮಟ್ಟದಲ್ಲಿ ಉಳಿಯುತ್ತದೆ. ಉಳಿದ ರೋಗಾಣು ಆ ಒಂದೇ ಔಷಧಕ್ಕೆ ಒಗ್ಗಿಕೊಳ್ಳಲು ಇದಕ್ಕಿಂತ ಅನುಕೂಲ ಬೇಕಿಲ್ಲ. ನಿರೋಧಕ ಕ್ಷಯದವರ ವಿಷಯದಲ್ಲಿ ಅರ್ಧಕ್ಕೆ ಬಿಡುವುದರ ಅಪಾಯ ಸಾಮಾನ್ಯ ಕ್ಷಯಕ್ಕಿಂತ ಬೇರೆ ತರಹದ್ದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕೂಸಿಗೆ ಹಾಲು ಕುಡಿಸಬಹುದೇ ಎಂದು ಬಾಣಂತಿಯರು ಕೇಳುವ ಪ್ರಶ್ನೆಗೆ ಉತ್ತರ ಚಿಕ್ಕದು. ಎದೆಹಾಲಿನಲ್ಲಿ ಈ ಗುಳಿಗೆಗಳು ಸ್ವಲ್ಪ ಬರುತ್ತವೆ. ಹಾಲು ನಿಲ್ಲಿಸಬೇಕಾದಷ್ಟು ಇಲ್ಲ, ಕೂಸಿಗೆ ಚಿಕಿತ್ಸೆಯಾಗುವಷ್ಟೂ ಇಲ್ಲ. ಕೂಸಿಗೆ ಔಷಧ ಬೇಕಿದ್ದರೆ ಬೇರೆಯಾಗಿಯೇ ಕೊಡಬೇಕು.

ಇನ್ನು ತೂಕದ ಯಂತ್ರ. ವಯಸ್ಕರಿಗೆ ಗುಳಿಗೆಯ ಸಂಖ್ಯೆ ತೂಕದ ಮೇಲೆ: 25–34 ಕೆಜಿಗೆ 2, 35–49ಕ್ಕೆ 3, 50–64ಕ್ಕೆ 4, 65–75ಕ್ಕೆ 5. ರಿಫಾಂಪಿಸಿನ್ ಕೆಜಿಗೆ ಸುಮಾರು 10 ಮಿಲಿಗ್ರಾಂ, ಅಂದರೆ 8ರಿಂದ 12ರೊಳಗೆ ಸಿಗಬೇಕೆಂಬುದು ಉದ್ದೇಶ. ಕೋಷ್ಟಕದ ಅಂಚುಗಳಲ್ಲಿ ಏನಾಗುತ್ತದೆ ನೋಡಿ. 34 ಕೆಜಿಯ ಹೆಂಗಸಿಗೆ 2 ಗುಳಿಗೆ, 300 ಮಿಲಿಗ್ರಾಂ, ಕೆಜಿಗೆ 8.8. 35 ಕೆಜಿ ಆದರೆ 3 ಗುಳಿಗೆ, 450 ಮಿಲಿಗ್ರಾಂ, ಕೆಜಿಗೆ 12.9. 49 ಕೆಜಿಯವನಿಗೆ 9.2, 50 ಕೆಜಿಯವನಿಗೆ 12. ಒಂದು ಕೆಜಿ ಹೆಚ್ಚಾದರೆ ಔಷಧ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಏರುತ್ತದೆ. ಹೆಗಲ ಮೇಲೆ ಚಾದರ ಹೊದ್ದು, ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಯಂತ್ರ ಹತ್ತಿದರೆ ಆ ಒಂದು ಕೆಜಿ ಅಲ್ಲಿಂದಲೇ ಬರಬಹುದು. ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ನೋಡದೆ ತೂಗುವ ಆಸ್ಪತ್ರೆಯಲ್ಲಿ ಔಷಧಶಾಸ್ತ್ರದ ಎಲ್ಲ ಸೂಕ್ಷ್ಮವೂ ವ್ಯರ್ಥ.

ಕೋಷ್ಟಕ ನೋಡುವುದು ತೂಕವನ್ನು ಮಾತ್ರ, ಮೈಯ ಕಟ್ಟನ್ನಲ್ಲ. ಜ್ವರದಲ್ಲಿ ತಿಂಗಳುಗಟ್ಟಲೆ ಸೊರಗಿದವರ ಕೊಬ್ಬು, ಮಾಂಸಖಂಡ ಎರಡೂ ಕರಗಿರುತ್ತವೆ, ರಕ್ತದ ಆಲ್ಬುಮಿನ್ ಇಳಿದಿರುತ್ತದೆ. ಆಲ್ಬುಮಿನ್ ಕಡಿಮೆಯಾದರೆ ಅದಕ್ಕೆ ಅಂಟುವ ರಿಫಾಂಪಿಸಿನ್ನಿನ ಪಾಲು ಕಡಿಮೆಯಾಗುತ್ತದೆ. ಒಟ್ಟು ಮಟ್ಟ ಅಳೆದರೆ ಇರುವುದಕ್ಕಿಂತ ಕೆಳಗೆ ಕಾಣಬಹುದು. ಕಾಲು, ಹೊಟ್ಟೆ ಊದಿಕೊಂಡವರಲ್ಲಿ ಯಂತ್ರ ತೋರಿಸುವ ಕೆಜಿಯಲ್ಲಿ ಒಂದಿಷ್ಟು ಬರೀ ನೀರು. ನೀರಿನಲ್ಲೇ ಉಳಿಯುವ ಔಷಧಗಳಿಗೆ ಅದು ಹೆಚ್ಚಿನ ಜಾಗ, ರಿಫಾಂಪಿಸಿನ್ನಿಗೆ ಹಾಗಲ್ಲ. ರಿಫಾಂಪಿಸಿನ್ನಿನ ಗರಿಷ್ಠ ಮಟ್ಟ ಲೀಟರಿಗೆ 8ರಿಂದ 24 ಮಿಲಿಗ್ರಾಂ ಇರಬೇಕೆಂದು ಸಾಮಾನ್ಯ ಒಪ್ಪಿಗೆ. ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯ (ಹಿಂದಿನ ಮದ್ರಾಸ್ ಕೇಂದ್ರವೇ ಇದು) ಅಧ್ಯಯನಗಳಲ್ಲಿ ಅನೇಕ ರೋಗಿಗಳು ಅದಕ್ಕಿಂತ ಕೆಳಗೇ ಇದ್ದರು. ತಿಂದ ಮೇಲೆ ನುಂಗಿದರೂ ಹೀರಿಕೆ ಕಡಿಮೆ. ಬೆಳಿಗ್ಗೆ ರೊಟ್ಟಿ-ಪಲ್ಯ ತಿಂದು ಹೊಲಕ್ಕೆ ಹೋಗುವವರಿಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ ಒಂದು ಗಂಟೆ ಕಾಯಿರಿ ಎನ್ನುವುದು ಕಷ್ಟದ ಮಾತೇ. ವಾಕರಿಕೆ ಬಂದು ಗುಳಿಗೆಯನ್ನೇ ಬಿಡುವಂತಾದರೆ ಸ್ವಲ್ಪ ತಿಂದೇ ನುಂಗುವುದು ವಾಸಿ.

ಆಹಾರದ ಪ್ರಶ್ನೆ ಹೀಗೆ ಔಷಧದ ಪ್ರಶ್ನೆಯೂ ಆಗುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಝಾರ್ಖಂಡ್‌ನಲ್ಲಿ ನಡೆಸಿದ ರೇಷನ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಗಣನೀಯವಾಗಿ ಕಡಿಮೆ ಎಂದು ಅದು ತೋರಿಸಿತು. ರೋಗಿಯ ಆಹಾರಕ್ಕೆಂದು ಸರ್ಕಾರ ನಡೆಸುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1000 ಆಗಿದೆ. ತೊಗರಿ, ಉದ್ದು, ಹೆಸರು ಬೆಳೆಯುವ ನೆಲದಲ್ಲಿ ಬೇಳೆಗೆ ಕೊರತೆ ಇರಬಾರದು. ಆದರೆ ಬೆಳೆದದ್ದು ರಾಶಿಯಿಂದ ನೇರ ಮಾರ್ಕೆಟ್ಟಿಗೆ ಹೋಗುವ ಮನೆಗಳೇ ಹೆಚ್ಚು.

ತೂಕ ಏರಿದಾಗ ಗುಳಿಗೆಯೂ ಏರಬೇಕು ಎಂಬುದು ಅನೇಕ ಕಡೆ ತಪ್ಪಿಹೋಗುವ ಅಂಶ. ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 5 ಕೆಜಿ ಅಥವಾ ಅದಕ್ಕಿಂತ ಹೆಚ್ಚು ಏರಿ ಮುಂದಿನ ಪಟ್ಟಿಗೆ ದಾಟಿದರೆ ಪ್ರಮಾಣ ಬದಲಿಸಬೇಕು. 46 ಕೆಜಿಗೆ ಶುರುಮಾಡಿದವರು ಮೂರು ತಿಂಗಳಲ್ಲಿ 52 ಆದರೆ ಮೂರರ ಬದಲು ನಾಲ್ಕು ಗುಳಿಗೆ. ಹಳೆಯ ಮೂರನ್ನೇ ಮುಂದುವರಿಸಿದರೆ ರಿಫಾಂಪಿಸಿನ್ ಕೆಜಿಗೆ 9.8ರಿಂದ 8.7ಕ್ಕೆ ಇಳಿದಿರುತ್ತದೆ, ಅದೂ ಮುದ್ದೆಯೊಳಗಿನ ಕೆಲಸ ಬಾಕಿ ಇರುವ ತಿಂಗಳುಗಳಲ್ಲಿ. ತಿಂಗಳಿಗೊಮ್ಮೆ ತೂಗಿ ಚಿಕಿತ್ಸೆಯ ಕಾರ್ಡಿನಲ್ಲಿ ಬರೆಯುವುದಕ್ಕೆ ಖರ್ಚಿಲ್ಲ. ಊರು ಬಿಟ್ಟು ಹೈದರಾಬಾದಿಗೋ ಪುಣೆಗೋ ಹೋಗುವ ರೋಗಿಯ ನಿಕ್ಷಯ್ ನೋಂದಣಿ ಸಂಖ್ಯೆ ಅವನ ಜೊತೆಗೇ ಹೋಗುತ್ತದೆ, ಅಲ್ಲಿಯೂ ಗುಳಿಗೆ ಉಚಿತವಾಗಿ ಸಿಗುತ್ತದೆ. ಹೊರಡುವ ಮುಂಚೆ ಇಲ್ಲಿ ತೂಗಿ ಬರೆದ ಕೊನೆಯ ತೂಕ ಆ ದಾಖಲೆಯಲ್ಲಿದ್ದರೆ, ಅಲ್ಲಿನ ಸಿಸ್ಟರ್ ಹೊಸದಾಗಿ ತೂಗಿ ಎರಡನ್ನೂ ಹೋಲಿಸಿ ನೋಡಿ ಎಷ್ಟು ಗುಳಿಗೆ ಎಂದು ತೀರ್ಮಾನಿಸಬಹುದು.